ಒಂದು ಮನೆ ಕೆಳಗೆ

ನನ್ನ ಭಾವನ ಎಡಗೈಯನ್ನು ಕಣ್ಣಾರೆ ಕಾಣಬೇಕಾದರೆ ಅವರು ಬೇಸ್ ಗಿಟಾರನ್ನು ಹೆಗಲಿಗೇರಿಸುವವರೆಗೆ ಕಾಯಬೇಕಾಗಿತ್ತು. ಉಳಿದ ಹೊತ್ತೆಲ್ಲ ಅದು ಅವರ ಕಂದುಬಣ್ಣದ ಹಳೆಯ ಕೋಟಿನ ಎಡಜೇಬಿನಲ್ಲಿ ಅಜ್ಞಾತವಾಸದಲ್ಲಿರುತ್ತಿತ್ತು. ಬಸ್ಸಿನ ಕಂಬಿ ಹಿಡಿಯುವುದಕ್ಕೆ ಬಲಗೈ, ಬಾಗಿಲ ಚಿಲಕ ತೆಗೆಯುವುದಕ್ಕೆ ಬಲಗೈ, ಎರಡು ಕೈ ಬೇಕಾದ ಕೆಲಸ ಬಂದರೆ ಬಲಗೈಗೆ ಹಲ್ಲಿನ ಸಹಾಯ. ಹೀಗೆ ಒಂದೇ ಕೈ ಬೀಸಿಕೊಂಡು ನಡೆದು ನಡೆದು ಅವರ ನಡಿಗೆಯೇ ಒಂದು ಮಗ್ಗುಲಿಗೆ ವಾಲಿತ್ತು. ಸುಡುಬಿಸಿಲಲ್ಲೂ ಕೋಟು ಮೈಮೇಲಿಂದ ಇಳಿಯುತ್ತಿರಲಿಲ್ಲ, ಕೊರೆಯುವ ಚಳಿಯಲ್ಲೂ ಅದರ ಗುಂಡಿಗಳನ್ನು ಅವರು ಹಾಕಿಕೊಳ್ಳುತ್ತಿರಲಿಲ್ಲ. ಇದನ್ನೆಲ್ಲ ನಾವು ವಾದ್ಯಗಾರನ ಜಂಭವೆಂದು ತೀರ್ಮಾನಿಸಿ, ಅದಕ್ಕೆ ಸಾಕಷ್ಟು ಉಪ್ಪುಖಾರ ಹಚ್ಚಿ ನಗುತ್ತಿದ್ದೆವು.

ನಮ್ಮ ಹಾಡಿನ ತಂಡದಲ್ಲಿ ಅವರ ಹೆಸರು ಗುಮ್ಮಣ್ಣ. ಅವರು ಮೀಟಿದಾಗ ಬೇಕರಿಯ ಹಿಂಬದಿಯ ಮೈದಾ ಗೋದಾಮಿನ ತಗಡು ಬಾಗಿಲು 'ಗುಮ್' ಎಂದು ಅದುರುತ್ತಿದ್ದುದರಿಂದ ಬಂದ ಹೆಸರು ಅದು. ಡ್ರಮ್ ಬಾರಿಸುವವನು ಆ ಬೇಕರಿಯ ಮಾಲೀಕನಾದ್ದರಿಂದ ಆ ಗೋದಾಮೇ ನಮ್ಮ ಅಭ್ಯಾಸದ ಕೋಣೆಯಾಗಿತ್ತು. ಸುತ್ತಲೂ ಪೇರಿಸಿದ ಮೂಟೆಗಳು ಸದ್ದನ್ನು ನುಂಗಿಕೊಳ್ಳುತ್ತಿದ್ದವು, ಅಭ್ಯಾಸ ಮುಗಿಸಿ ಹೊರಬರುವ ಹೊತ್ತಿಗೆ ನಮ್ಮೆಲ್ಲರ ಹುಬ್ಬು ಬೆಳ್ಳಗಾಗಿರುತ್ತಿತ್ತು. ಹಾಡುವವಳು ನನ್ನ ಅಕ್ಕ, ಅಂದರೆ ಗುಮ್ಮಣ್ಣನ ಹೆಂಡತಿ. ಸಾದಾ ಗಿಟಾರ್ ಹಿಡಿದು ನಡುನಡುವೆ ತಲೆಯಾಡಿಸುವವನು ನಾನು. ಮಕ್ಕಳನ್ನು ಹೆದರಿಸುವ ಗುಮ್ಮನ ಹೆಸರು ಹೊತ್ತ ಈ ಮನುಷ್ಯನಷ್ಟು ಪುಕ್ಕಲನನ್ನು ನಾನು ಬೇರೆಲ್ಲೂ ಕಂಡಿಲ್ಲ. ಲಿಫ್ಟಿಗೆ ಹೆದರುವರು, ಫೋನು ಎರಡು ಸಲ ರಿಂಗಾದರೆ ಹೆದರುವರು, ಬೀದಿ ದಾಟುವಾಗ ಎರಡೂ ಕಡೆ ನೋಡಿ, ಆಮೇಲೆ ಆಕಾಶವನ್ನೂ ಒಮ್ಮೆ ನೋಡುವರು. ಅಕ್ಕ ಯಾರದೋ ಸಾವಿನ ಸುದ್ದಿ ಹೇಳಿದರೆ, ಸತ್ತದ್ದು ಯಾರೆಂದು ಕೇಳುವುದಕ್ಕಿಂತ ಮೊದಲು ಏನಾಗಿ ಸತ್ತರೆಂದು ಕೇಳುವರು.

ಅವರ ಕಸುಬು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವುದು. ಅಂಗಡಿಯ ಒಳಗೊಂದು ಕತ್ತಲೆ ಕೋಣೆ, ಎದುರುಗೋಡೆಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಬೆಳಗಿದ ಅಕ್ಷರಗಳು, ಮೂಗಿನ ಮೇಲೆ ಭಾರವಾದ ಲೋಹದ ಚೌಕಟ್ಟು ಹೊತ್ತು ಕೂತ ಗಿರಾಕಿ. ಭಾವ ಅದರೊಳಗೆ ಒಂದು ಗಾಜನ್ನಿಟ್ಟು, ತೆಗೆದು, ಇನ್ನೊಂದನ್ನಿಟ್ಟು, ಮೆಲುದನಿಯಲ್ಲಿ "ಇದೋ, ಅದೋ?" ಎಂದು ಕೇಳುತ್ತಿದ್ದರು. ಆ ಪ್ರಶ್ನೆ ಅವರ ನಾಲಿಗೆಗೆ ಎಷ್ಟು ಅಂಟಿಕೊಂಡಿತ್ತೆಂದರೆ ಕಾಫಿಯೋ ಚಹವೋ ಎನ್ನುವುದನ್ನೂ, ಬಸ್ಸೋ ಆಟೋನೋ ಎನ್ನುವುದನ್ನೂ ಅವರು ಇದೋ ಅದೋ ಎಂದೇ ಕೇಳುವರು. ಗಿರಾಕಿಗಳ ಕಳ್ಳಾಟಗಳೆಲ್ಲ ಅವರಿಗೆ ಗೊತ್ತಿದ್ದವು. ಅಕ್ಷರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬರುವವರು, ಮುಚ್ಚಿದ ಕಣ್ಣಿನಿಂದಲೂ ಬೆರಳ ಸಂದಿಯಲ್ಲಿ ಇಣುಕುವವರು, ಊಹಿಸಿ ಹೇಳುವವರು. "ಇಲ್ಲಿ ಯಾರೂ ಫೇಲಾಗಲ್ಲ ಕಣೋ. ಆದರೂ ಸುಳ್ಳು ಹೇಳ್ತಾರೆ. ಕಾಣಿಸ್ತಿಲ್ಲ ಅಂತ ಬಾಯಿಬಿಟ್ಟು ಹೇಳೋದಕ್ಕೆ ಹೆದರಿಕೆ," ಎಂದು ಒಮ್ಮೆ ನನ್ನೊಡನೆ ಹೇಳಿದ್ದರು. ನಾನು ಅದನ್ನು ಗಿರಾಕಿಗಳ ಬಗೆಗಿನ ಮಾತೆಂದೇ ತಿಳಿದೆ.

ವಾದ್ಯದ ಅಂಗಡಿಗೆ ಹೋಗುವಾಗ ಭಾವ ನನ್ನನ್ನು ತಪ್ಪದೆ ಕರೆದೊಯ್ಯುತ್ತಿದ್ದರು. ಹೆಣ್ಣು ನೋಡಲು ಹೊರಟ ಹುಡುಗನ ಜೊತೆಗಿನ ಸ್ನೇಹಿತನಂತೆ ನನ್ನ ಸ್ಥಿತಿ. ಅಭಿಪ್ರಾಯ ಕೇಳುವರು, ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಸ್ ಗಿಟಾರ್ ಆರಿಸುವುದಕ್ಕೆ ಅವರದೇ ಶಾಸ್ತ್ರವಿತ್ತು. ಕೂತು ನೋಡಿ ಕೊಳ್ಳಬಾರದು. ಹೆಗಲಿಗೆ ಪಟ್ಟಿ ಹಾಕಿಕೊಂಡು, ಅದು ನೋಯಲು ಶುರುವಾಗುವವರೆಗೆ ನಿಂತು ನೋಡಬೇಕು. ಬಣ್ಣಕ್ಕೆ ಮರುಳಾಗಬಾರದು, ಕಣ್ಣು ಮುಚ್ಚಿ ವಾದ್ಯದ ಕತ್ತನ್ನು ಸವರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಂಪ್ಲಿಫೈಯರಿಗೆ ಜೋಡಿಸುವ ಮೊದಲೇ ವಾದ್ಯದ ಮೇಲ್ತುದಿಯ ಕೊಂಬನ್ನು ದವಡೆಗೆ ಒತ್ತಿಕೊಂಡು, ಕೆಳತಂತಿಯನ್ನು ಮೀಟಿ, ಮೂಳೆಯೊಳಗಿಂದ ಅದನ್ನು ಕೇಳಬೇಕು. "ಕರೆಂಟು ಕೊಟ್ಟಮೇಲೆ ಎಲ್ಲವೂ ಚೆನ್ನಾಗೇ ಮಾತಾಡ್ತವೆ. ಸುಮ್ಮನಿದ್ದಾಗ ಹೇಗಿದೆ ಅಂತ ನೋಡ್ಬೇಕು," ಎನ್ನುವರು. ಹಾಗೆ ದವಡೆಗೆ ಒತ್ತಿಕೊಂಡು ನಿಂತಾಗ ಅವರ ಮುಖದಲ್ಲಿ ಹಲ್ಲುನೋವಿನವನ ಏಕಾಗ್ರತೆ ಇರುತ್ತಿತ್ತು. ಒಂದಾದ ಮೇಲೆ ಒಂದನ್ನು ಹಿಡಿದು, ತಮ್ಮನ್ನು ತಾವೇ "ಇದೋ, ಅದೋ?" ಎಂದು ಕೇಳಿಕೊಂಡು, ಅಂಗಡಿಯಾತ ಬಾಗಿಲು ಹಾಕಲು ಎದ್ದು ನಿಂತಾಗ ಅವಸರದಲ್ಲಿ ಒಂದನ್ನು ಒಪ್ಪಿಕೊಳ್ಳುವರು.

ಹೀಗೆ ಬಂದ ವಾದ್ಯಗಳು ಅವರ ನಡುಮನೆಯ ಗೋಡೆಯ ಮೇಲೆ ಸಾಲಾಗಿ ನೇತಾಡುತ್ತಿದ್ದವು. "ಒಬ್ಬಳು ಸವತಿಯಾಗಿದ್ರೆ ಜಗಳವಾಡಬಹುದಿತ್ತು. ಇಷ್ಟು ಜನರ ಜೊತೆ ಯಾವಾಗ ಅಂತ ಆಡಲಿ?" ಎಂದು ಅಕ್ಕ ಬಂದವರ ಮುಂದೆಲ್ಲ ಹೇಳುತ್ತ ಅವುಗಳ ಧೂಳು ಒರೆಸುವಳು.  ಆ ಗೋಡೆ ಎಡದಿಂದ ಬಲಕ್ಕೆ ಓದಬಹುದಾದ ಕಥೆಯಾಗಿತ್ತು, ನಾವು ಯಾರೂ ಓದಲಿಲ್ಲ. ಮೊದಲನೆಯದು ಬಾಗಿಲ ತೊಲೆಯಷ್ಟು ಭಾರ, ಉದ್ದ ಕತ್ತು, ದಪ್ಪ ತಂತಿ. ಎರಡನೆಯದು ಹಗುರ ಮರದ್ದು. ಅದರ ಮುಂದಿನದರ ಕತ್ತು ತೆಳು. ಆಮೇಲೆ ಕತ್ತೇ ಗಿಡ್ಡವಾಯಿತು. ಗಿಡ್ಡ ಕತ್ತಿನ ವಾದ್ಯದಲ್ಲಿ ತಂತಿಗೆ ಬಿಗಿ ಕಡಿಮೆ, ಬೆರಳಿಗೆ ಶ್ರಮ ಕಡಿಮೆ. ಕಡೆಗೆ ತಂತಿಗಳೂ ಸಪೂರವಾದವು. ಇಬ್ಬರು ಹೊರಬೇಕಾಗಿದ್ದ ಆಂಪ್ಲಿಫೈಯರ್ ಹೋಗಿ, ಬಲಗೈಯೊಂದರಲ್ಲೇ ಎತ್ತಬಹುದಾದ ಪುಟ್ಟ ಡಬ್ಬ ಬಂತು. ಅಂಗಡಿಯಾತನೇ ಒಮ್ಮೆ ನಕ್ಕು, "ಸರ್, ಬರ್ತಾ ಬರ್ತಾ ನಿಮ್ಮ ವಾದ್ಯ ಸಣ್ಣದಾಗ್ತಾ ಇದೆ. ಮುಂದಿನ ಸಲ ಪಿಟೀಲೇ ಕೊಡಬೇಕಾಗುತ್ತೆ," ಎಂದ. ಭಾವ ನಗಲಿಲ್ಲ. "ಇದಕ್ಕಿಂತ ಸಪೂರ ತಂತಿ ಬರಲ್ವಾ?" ಎಂದು ಕೇಳಿದರು. ಬರುವುದಿಲ್ಲ ಎಂದಾಗ, ಇದ್ದುದರಲ್ಲೇ ಎಲ್ಲಕ್ಕಿಂತ ಸಪೂರವಾದುದನ್ನು ಕಟ್ಟಿಸಿಕೊಂಡು ಹೊರಬಂದರು.

ಅಭ್ಯಾಸದ ವಿಷಯದಲ್ಲಿ ಅವರು ಹಿಂದೆ ಬಹಳ ಕಟ್ಟುನಿಟ್ಟು. ವಾದ್ಯವನ್ನು ಚೀಲದೊಳಗಿಟ್ಟರೆ ಅರ್ಧ ಮನಸ್ಸು ಅಲ್ಲೇ ಸತ್ತುಹೋಗುತ್ತದೆಂದು ನಂಬಿ, ಬಚ್ಚಲಿಗೆ ಹೋಗುವ ದಾರಿಯಲ್ಲೇ ಅದನ್ನು ಒರಗಿಸಿಡುವರು. ಹಲ್ಲುಜ್ಜಲು ಹೋಗುವವರು ಅದನ್ನು ಎಡವದೆ ದಾಟುವಂತಿಲ್ಲ. ಎಡವಿದಾಗಲೆಲ್ಲ ಎತ್ತಿಕೊಂಡು ನಾಲ್ಕು ಸ್ವರ ಮೀಟುವರು. "ಉಮೇದು ಬರಲಿ ಆಮೇಲೆ ಬಾರಿಸ್ತೀನಿ ಅಂದ್ರೆ ಆಗಲ್ಲ. ಕೈ ಹೋಗಿ ಕೂರಬೇಕು, ಉಮೇದು ಹಿಂದಿನಿಂದ ಚಪ್ಪಲಿ ಹಾಕ್ಕೊಂಡು ಬರುತ್ತೆ," ಎಂದು ನನ್ನಂಥ ಸೋಮಾರಿಗಳಿಗೆ ಬುದ್ಧಿ ಹೇಳುತ್ತಿದ್ದವರು ಅವರೇ. ಅಂಥವರ ಮನೆಯಲ್ಲಿ ಒಂದು ದಿನ ಬಚ್ಚಲ ದಾರಿ ಖಾಲಿಯಾಗಿತ್ತು. ಕೇಳಿದರೆ, ಈಗಿರುವುದು ಕೈಗೆ ಒಗ್ಗುತ್ತಿಲ್ಲ, ಹೊಸದು ಬಂದರೆ ಹುಮ್ಮಸ್ಸು ಬರುತ್ತದೆ ಎಂದರು. ಹೊಸದು ಬಂತು, ಕೆಲವು ವಾರ ಹುಮ್ಮಸ್ಸೂ ಬಂತು, ಹಾಗೆಯೇ ಇಳಿಯಿತು. ನನಗೆ ರೇಗಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿಮ್ಮ ಕಥೆ," ಎಂದುಬಿಟ್ಟೆ. ಭಾಮೈದುನನಿಗೆ ಇರುವ ಸಲಿಗೆಯ ಮಾತು ಅದು, ಬೇರೆ ದಿನವಾಗಿದ್ದರೆ ಅವರೂ ತಿರುಗಿ ಎರಡು ಕೊಡುತ್ತಿದ್ದರು. ಅಂದು ಮಾತ್ರ ಅವರ ಮುಖ ಬಿಳಿಚಿಕೊಂಡಿತು.

ಇಲ್ಲಿ ನಮ್ಮ ತಂಡದ ಒಂದು ಮಾತನ್ನು ಹೇಳಬೇಕು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳ ನಡುವಿನ ಜಾಗಕ್ಕೆ ನಾವು 'ಮನೆ' ಎನ್ನುತ್ತೇವೆ. ಮನೆಯಲ್ಲಿ ಬೆರಳನ್ನು ಒತ್ತಿ ಮೀಟಿದರೆ ಒಂದು ಸ್ವರ, ಪಕ್ಕದ ಮನೆಗೆ ಹೋದರೆ ಅದರ ಮುಂದಿನದು. ಎಲ್ಲೂ ಒತ್ತದೆ ಹಾಗೇ ಮೀಟಿದರೆ ಅದು ಬಿಡಿ ತಂತಿ. ನಮ್ಮ ಹೆಚ್ಚಿನ ಹಾಡುಗಳನ್ನು ಅಕ್ಕನ ಕಂಠಕ್ಕೆ ಹೊಂದಿಸಿ, ಭಾವನ ಅತಿ ಕೆಳಗಿನ ಬಿಡಿ ತಂತಿಯ ಸ್ವರದಲ್ಲೇ ಕೂರಿಸಿದ್ದೆವು. ಅಕ್ಕ ಆ ಸ್ವರದ ಮೇಲೆ ನಿಂತು ಹಾಡುವಳು. ನನ್ನ ಗಿಟಾರ್ ಕೈಕೊಟ್ಟರೂ, ಡ್ರಮ್ ಬಿದ್ದುಹೋದರೂ ಅವಳಿಗೆ ಚಿಂತೆಯಿಲ್ಲ. "ನೀವೆಲ್ಲ ಗೋಡೆ, ಕಿಟಕಿ. ಇವರು ನೆಲ," ಎನ್ನುವಳು.

ಆ ವರ್ಷ ಒಂದು ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ಕಾರ್ಮಿಕರ ಊಟದ ಹಾಲೇ ಸಭಾಂಗಣ. ಮಧ್ಯಾಹ್ನದ ಬೆಳಕು ಎತ್ತರದ ಕಿಟಕಿಗಳಿಂದ ಸ್ಟೀಲಿನ ಮೇಜುಗಳ ಮೇಲೆ ಬೀಳುತ್ತಿತ್ತು. ಭಾವ ಇತ್ತೀಚಿನ ರೂಢಿಯಂತೆ ಮೂಲೆಗೆ ಸರಿದು, ಎಡಗೈ ಗೋಡೆಯ ಕಡೆಗಿರುವಂತೆ ನಿಂತಿದ್ದರು. ಮೂರನೆಯ ಹಾಡು ನಿಧಾನದ್ದು. ನಾನು ಗಿಟಾರಿನಲ್ಲಿ ಸಣ್ಣ ಪೀಠಿಕೆ ಹಾಕಿ ನಿಲ್ಲಿಸಬೇಕು, ಭಾವ ಕೆಳಸ್ವರವೊಂದನ್ನು ಮೀಟಬೇಕು, ಅದು ಹರಡಿಕೊಳ್ಳುತ್ತಿರುವಾಗ ಅಕ್ಕ ಎತ್ತಿಕೊಳ್ಳಬೇಕು. ನಾನು ನಿಲ್ಲಿಸಿದೆ. ಭಾವ ಮೀಟಿದರು. ಅಕ್ಕ ಎತ್ತಿಕೊಂಡಳು. ಎರಡನೆಯ ಸಾಲಿಗೆ ನಾನು ಸೇರಿದಾಗ ನನ್ನ ಮೊದಲ ಮೀಟೇ ಕಿವಿಯನ್ನು ಕಚ್ಚಿತು. ಅಕ್ಕ ನಾನಿದ್ದ ಸ್ವರದಲ್ಲಿರಲಿಲ್ಲ, ಒಂದು ಮನೆ ಕೆಳಗಿದ್ದಳು.

 ಬಾರಿಸಿದರೆ ಕರ್ಕಶ, ನಿಲ್ಲಿಸಿದರೆ ಬಯಲು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. ನನ್ನ ಪೀಠಿಕೆಯ ಸ್ವರ ಅವಳ ಕಿವಿಯಲ್ಲಿ ಇದ್ದೇ ಇತ್ತು, ಆದರೂ ಗಂಡ ಕೊಟ್ಟ ಸ್ವರವೇ ಸರಿಯೆಂದು ನಂಬಿ, ಅದನ್ನೇ ಹಿಡಿದು, ಕಣ್ಣುಮುಚ್ಚಿ ಹಾಡುತ್ತಿದ್ದಳು. ತಿರುಗಿ ನೋಡಿದರೆ ಭಾವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಅವರು ಬಲಗೈಯಿಂದ ತಂತಿಯನ್ನು ತಡೆದು, ಎಡಗೈಯ ಕಿರುಬೆರಳನ್ನು ಎಳೆದುತಂದು ಒತ್ತಿ ಮತ್ತೆ ಮೀಟಿದರು. ಈ ಸಲ ಸ್ವರ ಸರಿಯಾಯಿತು. ಆದರೆ ಸಾಲಿನ ನಡುವೆ ಕಾಲಕೆಳಗಿನ ನೆಲ ಮೇಲಕ್ಕೆದ್ದರೆ ನಿಂತವರು ಏನು ಮಾಡಬೇಕು? ಅಕ್ಕ ಮೇಲೆ ಜಿಗಿಯಲು ಹೋದಳು, ಕಂಠ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮುಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳಿಗೆ, ಮೆಲ್ಲಗೆ ಹೇಳುತ್ತಿದ್ದೇನೆಂದುಕೊಂಡು ಎಲ್ಲರಿಗೂ ಕೇಳುವಂತೆ, "ಪಾಪ, ವಯಸ್ಸಾಯ್ತು," ಎಂದಳು.

ಉಳಿದ ಹಾಡುಗಳು ಹೇಗೆ ಮುಗಿದವೋ ನನಗೆ ನೆನಪಿಲ್ಲ. ನಮಗೆ ಉಡುಪು ಬದಲಿಸಲು ಬಿಟ್ಟುಕೊಟ್ಟಿದ್ದು ಕಾರ್ಖಾನೆಯ ಪ್ರಥಮ ಚಿಕಿತ್ಸೆಯ ಕೋಣೆ; ಒಂದು ರೆಕ್ಸಿನ್ ಮಂಚ, ಹತ್ತಿ ತುಂಬಿದ ಗಾಜಿನ ಜಾಡಿ, ಸುಟ್ಟಗಾಯಕ್ಕೆ ಏನು ಮಾಡಬೇಕೆಂಬ ಚಿತ್ರಪಟ. ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಅಳಲಿಲ್ಲ. ಅಂಗಡಿಯ ಲೈಟು ಆರಿಸುವವರ ದನಿಯಲ್ಲಿ, "ನನ್ನ ಕಿವಿ ಹೋಯ್ತು ಕಣ್ರೋ. ನನಗೆ ಏನೂ ತಪ್ಪು ಅಂತಲೇ ಅನ್ನಿಸಲಿಲ್ಲ. ಅದು ಗೊತ್ತಾಗದೆ ಹೋದಮೇಲೆ ಹಾಡಬಾರದು. ಇನ್ನು ಸಾಕು," ಎಂದಳು.  ನಾನು ಭಾವನನ್ನು ನೋಡಿದೆ. ಅವರು ಬಾಗಿಲ ಬಳಿ ನಿಂತಿದ್ದರು, ಎಡಗೈ ಆಗಲೇ ಜೇಬು ಸೇರಿತ್ತು. ಅವರೊಬ್ಬರು ಸುಮ್ಮನಿದ್ದುಬಿಟ್ಟಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅಕ್ಕ ಹಾಡು ಬಿಡುತ್ತಿದ್ದಳು, ತಂಡ ಕರಗುತ್ತಿತ್ತು, ಬಾರಿಸಬೇಕಾದ ಅಗತ್ಯವೇ ಇಲ್ಲದೆ ಅವರ ಗುಟ್ಟು ಗೋಡೆಯ ಮೇಲಿನ ವಾದ್ಯಗಳ ಜೊತೆ ನೆಮ್ಮದಿಯಾಗಿ ನೇತಾಡಿಕೊಂಡಿರುತ್ತಿತ್ತು. ಹೆದರುವ ಮನುಷ್ಯನಿಗೆ ಅದಕ್ಕಿಂತ ಸುಲಭದ ದಾರಿ ಬೇರೆ ಯಾವುದಿತ್ತು!

ಭಾವ ಕೈಯನ್ನು ಹೊರತೆಗೆದರು. "ನಿನ್ನ ಕಿವಿ ಹೋಗಿಲ್ಲ," ಎಂದರು. "ನನ್ನ ಕೈ ಹೋಗಿದೆ."

ಆಮೇಲೆ ತಡೆದು ತಡೆದು ಹೇಳಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯಲು ಶುರುವಾಗಿ ಬಹಳ ಕಾಲವಾಗಿತ್ತು. ಮೊದಮೊದಲು ಕೊಡವಿದರೆ ಹೋಗುತ್ತಿತ್ತು, ಆಮೇಲೆ ಹೋಗಲಿಲ್ಲ. ಭಾರದ ವಾದ್ಯ ಬಿಟ್ಟು ಹಗುರದ್ದು ಕೊಂಡರು, ಉದ್ದ ಬಿಟ್ಟು ಗಿಡ್ಡ ಕೊಂಡರು, ದಪ್ಪ ಬಿಟ್ಟು ಸಪೂರ ಕೊಂಡರು. ಕೊಳ್ಳುವುದಕ್ಕೆ ಇನ್ನೇನೂ ಉಳಿಯದಿದ್ದಾಗ, ಒತ್ತುವುದು ಇನ್ನಷ್ಟು ಸುಲಭವಾಗಲೆಂದು ಬಿರಡೆ ತಿರುಗಿಸಿ ನಾಲ್ಕೂ ತಂತಿಗಳನ್ನು ಒಂದೊಂದು ಮನೆಯಷ್ಟು ಸಡಿಲಿಸಿದರು. ಆ ಕೊರತೆ ತುಂಬಲು ಪ್ರತಿ ಸ್ವರವನ್ನೂ ಒಂದು ಮನೆ ಮುಂದೆ ಒತ್ತುತ್ತ ಬಂದರು. ಅಂದು ಮೂರನೆಯ ಹಾಡಿನಲ್ಲೂ ಒತ್ತಿದ್ದೇನೆಂದೇ ಅವರು ತಿಳಿದಿದ್ದರು. ತೋರುಬೆರಳು ತಂತಿಯ ಮೇಲೆ ಸುಮ್ಮನೆ ಒರಗಿಯೂ ಇರದೆ, ಪಕ್ಕದಲ್ಲಿ ಬಿದ್ದುಕೊಂಡಿತ್ತು. ಸಡಿಲ ತಂತಿ ಬಿಡಿಯಾಗಿಯೇ ನುಡಿದುಬಿಟ್ಟಿತು. ತಂತಿಯನ್ನು ಮೊದಲಿದ್ದಂತೆಯೇ ಬಿಟ್ಟಿದ್ದರೆ ಅದೇ ಬಿಡಿ ತಂತಿ ಅಕ್ಕನಿಗೆ ಬೇಕಾದ ಸ್ವರವಾಗಿರುತ್ತಿತ್ತು. ಅಲ್ಲಿಗೆ ಬೆರಳೇ ಬೇಕಿರಲಿಲ್ಲ.

"ಯಾಕ್ರೀ ಹೇಳಲಿಲ್ಲ?" ಎಂದಳು ಅಕ್ಕ.

"ಅಪ್ಪ," ಎಂದು ನಿಲ್ಲಿಸಿದರು ಭಾವ. ಅವರ ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಅಕ್ಷರ ಮೊದಲು ಅಲುಗಿತು, ಆಮೇಲೆ ಕುಂಚ ಜಾರಿತು, ಕಡೆಕಡೆಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗಲಿಲ್ಲ. ದಿನಾ ಬೆಳಿಗ್ಗೆ ಅಪ್ಪ ಗೋಡೆ ನೋಡುತ್ತ ನಿಲ್ಲುವುದು, ಮಗ ಗುಂಡಿ ಹಾಕುವುದು. "ಅವರು ಒಂದು ದಿನವೂ ನನ್ನ ಮುಖ ನೋಡಲಿಲ್ಲ. ನಂಗೂ ಅದೇ ಬಂತು ಅಂತ ಗೊತ್ತಾಯ್ತು. ಡಾಕ್ಟರ ಹತ್ರ ಹೋದ್ರೆ ಅವರು ಹೇಳಿಬಿಡ್ತಾರೆ. ಹೇಳಿಬಿಟ್ರೆ ನಿಜ ಆಗಿಬಿಡುತ್ತೆ."

ಮರುದಿನವೇ ಅಕ್ಕ ಅವರನ್ನು ಎಳೆದುಕೊಂಡು ಹೋದಳು, ಕಾರು ಓಡಿಸುವ ನೆಪದಲ್ಲಿ ನಾನೂ ಹೋದೆ. ವೈದ್ಯೆ ಭಾವನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯೊಂದರಿಂದ ಬೆರಳುಗಳನ್ನು ಮುಟ್ಟುತ್ತ, ಯಾವ ಬೆರಳೆಂದು ಹೇಳಿ ಎಂದರು. ತೋರುಬೆರಳು, ಎಂದರು ಭಾವ. ಸರಿ. ನಡುಬೆರಳು. ಅದೂ ಸರಿ. ನನಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಅಕ್ಕ ಎದ್ದುಹೋಗಿ ಹಿಂದಿನಿಂದ ಅವರ ಕಣ್ಣುಗಳ ಮೇಲೆ ತನ್ನ ಅಂಗೈಗಳನ್ನು ಒತ್ತಿಹಿಡಿದು, "ಈಗ ಕೇಳಿ ಡಾಕ್ಟ್ರೇ. ಇವರು ರೆಪ್ಪೆ ಸಂದಿಯಿಂದ ನೋಡ್ತಾ ಇದಾರೆ," ಎಂದಳು. ಸಾವಿರಾರು ಜನರ ಕಳ್ಳಗಣ್ಣನ್ನು ಹಿಡಿದ ಮನುಷ್ಯ ಹಾಗೆ ಸಿಕ್ಕಿಬಿದ್ದಾಗ ನಗು ಬರಬೇಕಿತ್ತು. ವೈದ್ಯೆ ಮತ್ತೆ ಮುಟ್ಟಿದರು, ಮತ್ತೆ ಮತ್ತೆ ಮುಟ್ಟಿದರು. ಭಾವ ಏನೂ ಹೇಳಲಿಲ್ಲ, ಏಕೆಂದರೆ ಮುಟ್ಟಿದ್ದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. "ಮುಟ್ಟೋಕೆ ಶುರು ಮಾಡಿದ್ರಾ?" ಎಂದು ಅವರು ಕೇಳಿದಾಗ ಅಕ್ಕ ಅವರ ಕಣ್ಣುಗಳ ಮೇಲಿಂದ ಅಂಗೈ ತೆಗೆದಳು. 

ಮಣಿಕಟ್ಟಿನಲ್ಲಿ ನರ ಹಿಸುಕಿಕೊಂಡಿದೆ ಎಂದರು ವೈದ್ಯೆ. ಬಹಳ ಜನರಿಗೆ ಬರುವಂಥದ್ದೇ. ಹೆಬ್ಬೆರಳ ಬುಡದಲ್ಲಿ ಮಾಂಸ ಕರಗಿದ ಗುಳಿಯನ್ನು ಮುಟ್ಟಿ, ಮೊದಲೇ ಬಂದಿದ್ದರೆ ಒಂದು ಪಟ್ಟಿ ಕಟ್ಟಿಯೇ ಸರಿಹೋಗುತ್ತಿತ್ತೇನೋ, ಈಗ ಕೊಯ್ದು ಬಿಡಿಸಬೇಕು, ಹೋದದ್ದು ಎಷ್ಟು ಮರಳುತ್ತದೆಂದು ಮಾತು ಕೊಡಲಾರೆ ಎಂದರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದಿಟ್ರಿ," ಎಂದು ಅಕ್ಕ ದಾರಿಯುದ್ದಕ್ಕೂ ಬೈದಳು. ಬೈಯುತ್ತಲೇ ಅವರ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಭಾವ ಕಿಟಕಿಯಾಚೆ ನೋಡುತ್ತ, ಅಪ್ಪನಿಗೂ ಬರೀ ಇದೇ ಆಗಿತ್ತೇನೋ ಎಂದರು. 

ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಗಿ, ಒಂದು ಭಾನುವಾರ ಅವರು ಮೈದಾ ಗೋದಾಮಿಗೆ ಬಂದರು. ಬಿರಡೆಗಳನ್ನು ನಾನೇ ತಿರುಗಿಸಿ ತಂತಿಗಳನ್ನು ಸರಿಯಾದ ಸ್ವರಕ್ಕೆ ತಂದೆ. ಭಾವ ಮೂಟೆಯ ಮೇಲೆ ಕೂತು, ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮಂಡಿಯ ಮೇಲೆ ಚಾಚಿಟ್ಟು, ಬಲಗೈಯಿಂದ ಬಿಡಿ ತಂತಿಯನ್ನಷ್ಟೇ ಮೀಟಿದರು. ತೋರುಬೆರಳ ತುದಿಯಲ್ಲಿ ಇರುವೆ ಹರಿದಂತಾಗುತ್ತದೆ, ಅದು ಜೀವ ಬರುವುದೋ ಹೋಗುವುದೋ ತಿಳಿಯದು ಎಂದು ಬರುವಾಗ ಹೇಳಿದ್ದರು. ಅಕ್ಕ ಆ ಒಂದೇ ಸ್ವರದ ಮೇಲೆ ಹಾಡಿದಳು. ಹಾಡುವಾಗ ಅವಳು ಈಗ ಕಣ್ಣು ಮುಚ್ಚುವುದಿಲ್ಲ, ಆ ಕೈಯನ್ನೇ ನೋಡುತ್ತಿರುತ್ತಾಳೆ. ಹಿಂದಿರುಗುವಾಗ ನಾನು, "ಭಯ ಹೋಯ್ತಾ ಭಾವ?" ಎಂದು ಕೇಳಿದೆ.

"ಎಲ್ಲಿ ಹೋಗುತ್ತೆ? ಮೊದಲು ನನಗೊಬ್ಬನಿಗೇ ಇತ್ತು. ಈಗ ಅವಳಿಗೂ ಇದೆ."

ಇಂಥವರು ಎಲ್ಲ ಕಡೆಯೂ ಇರುತ್ತಾರೆ. ಒಂದು ಹಾಡಿನ, ಒಂದು ಮನೆಯ, ಒಂದು ಕಚೇರಿಯ ಅತಿ ಕೆಳಗಿನ ಸ್ವರವನ್ನು ಹಿಡಿದು ನಿಂತವರು. ಇರುವಷ್ಟು ದಿನ ಅವರ ಇರವು ಯಾರ ಗಮನಕ್ಕೂ ಬಾರದು, ತಪ್ಪಿದ ದಿನ ಮಾತ್ರ ಮೇಲೆ ನಿಂತವರೆಲ್ಲ ಒಮ್ಮೆಗೇ ಬೀಳುತ್ತಾರೆ. ಇದು ಬೇರೆಯವರಿಗೆ ತಿಳಿಯದಿದ್ದರೂ ಅವರಿಗೆ ಚೆನ್ನಾಗಿ ತಿಳಿದಿರುತ್ತದೆ, ಅದಕ್ಕೇ ಅವರು ಹೆದರುತ್ತಾರೆ. ಹೆದರಿಕೆಗೆ ಹುಮ್ಮಸ್ಸಿನ ಬಣ್ಣ ಬಳಿದು, ಹೊಸ ಸಾಮಾನಿನ ಹಂಬಲವೆಂದು ಹೆಸರಿಟ್ಟು, ನಮ್ಮ ನಗುವಿಗೆ ಒಡ್ಡಿಕೊಂಡು ಬದುಕುತ್ತಾರೆ. ಅವರನ್ನು ಪುಕ್ಕಲರೆಂದು ನಾನೂ ಬಹಳ ದಿನ ಕರೆದೆ. ಈಗ ಅನ್ನಿಸುತ್ತದೆ, ನಮ್ಮ ಭಾರ ಹೊತ್ತವರು ಹೆದರುತ್ತಿರುವುದು ತಮಗಾಗಿ ಮಾತ್ರವಲ್ಲ. ಆ ಹೆದರಿಕೆಯಿಲ್ಲದವರ ಮೇಲೆ ನಾವು ಕಾಲಿಡಲೂಬಾರದು.